ಕಥೆಯಲ್ಲಿ ನಾಸ್ತಿಕ, ಕಾಗದದಲ್ಲಿ ಹರಕೆ: ಯಾವುದನ್ನು ನಂಬೋದು?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ನಮ್ಮ ಸೋದರಮಾವ ಚಳ್ಳಕೆರೆ ಕಡೆ ಮೇಷ್ಟ್ರಾಗಿದ್ದರು. ವಾರಪತ್ರಿಕೆಗಳಿಗೆ ಕಥೆ ಬರೆಯುತ್ತಿದ್ದರು. ಈಗ ಅವರಿಲ್ಲ. ಅವರ ಕಥೆಗಳಲ್ಲಿ ಹರಕೆ, ಪೂಜಾರಿ, ಮಠ ಎಲ್ಲದಕ್ಕೂ ಗೇಲಿ. ಊರಲ್ಲಿ ನಾಸ್ತಿಕ ಮೇಷ್ಟ್ರು ಅಂತಲೇ ಹೆಸರು. ಮೊನ್ನೆ ಅಟ್ಟ ಕ್ಲೀನ್ ಮಾಡುವಾಗ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಅದರ ತುಂಬ ಅವರು ನಮ್ಮ ಅವ್ವನಿಗೆ ಬರೆದ ಇನ್‌ಲ್ಯಾಂಡ್ ಲೆಟರ್‌ಗಳು. ಮಳೆ ಇಲ್ಲ, ಶೇಂಗಾ ಒಣಗಿತು, ಮನಿಯಾರ್ಡರ್ ಕಳಿಸಿದ್ದೇನೆ, ಬರೀ ಇಂಥವೇ. ಆದರೆ ಒಂದರಲ್ಲಿ "ಈ ಸಲ ಹಟ್ಟಿ ಜಾತ್ರೆಗೆ ಹೋದರೆ ನನ್ನ ಹೆಸರಲ್ಲೂ ಕೊಬ್ಬರಿ ಸುಡಿಸು" ಅಂತ ಇದೆ. ಹಟ್ಟಿ ಅಂದರೆ ನಾಯಕನಹಟ್ಟಿ, ಅಲ್ಲಿ ಕೊಬ್ಬರಿ ಸುಡುವುದು ಒಂದು ಹರಕೆ. ಆ ವರ್ಷ ಅವ್ವನಿಗೆ ದೊಡ್ಡ ಆಪರೇಷನ್ ಆಗಿತ್ತಂತೆ. ನಾನು ಎಂ.ಎ.ಯಲ್ಲಿ ಅಮೆರಿಕದ ಕಥೆಗಾರ್ತಿ ಫ್ಲ್ಯಾನರಿ ಓ'ಕಾನರ್ ಅವರ ಒಂದು ಕಥೆ ಓದಿದ್ದೆ. ಅವರದ್ದು ಇದಕ್ಕೆ ಉಲ್ಟಾ ಅಂತ ಕೇಳಿದ್ದೇನೆ. ಕಥೆಯಲ್ಲಿ ರಕ್ತಪಾತ, ಕಾಗದದಲ್ಲಿ ಭಕ್ತಿ. ಹಾಗಾದರೆ ಕಥೆಗಾರರ ಬದುಕು, ನಂಬಿಕೆ ತಿಳಿಯಬೇಕಾದರೆ ಅವರ ಖಾಸಗಿ ಕಾಗದಗಳನ್ನೇ ನಂಬಬೇಕಾ? ಈ ಕಾಗದಗಳನ್ನು ಪುಸ್ತಕ ಮಾಡಬಹುದಾ?

ಉತ್ತರ: ಕಥೆ ಸುಳ್ಳು, ಕಾಗದ ನಿಜ ಅಂತ ನೀವು ಆಗಲೇ ಅರ್ಧ ತೀರ್ಮಾನ ಮಾಡಿಕೊಂಡ ಹಾಗಿದೆ. ಅಷ್ಟು ಬೇಗ ಬೇಡ ತಾಯಿ. ಕಥೆ ಬರೆಯುವಾಗ ಓದುವವರು ಯಾರು ಅಂತ ಗೊತ್ತಿರುವುದಿಲ್ಲ. ಕಾಗದ ಬರೆಯುವಾಗ ಓದುವವರು ಒಬ್ಬರೇ, ಅವರ ಮುಖ ಕಣ್ಣ ಮುಂದೆಯೇ ಇರುತ್ತದೆ. ಆ ಒಬ್ಬರು ಬದಲಾದರೆ ಬರೆಯುವ ದನಿಯೂ ಬದಲಾಗುತ್ತದೆ. ನಿಮ್ಮ ಮಾವ ತಂಗಿಗೆ ಬರೆದದ್ದು ನಿಮ್ಮ ಕೈಲಿದೆ. ಗೆಳೆಯರಿಗೆ, ಸಂಪಾದಕರಿಗೆ, ಸಾಲ ಕೊಟ್ಟವರಿಗೆ ಬರೆದದ್ದು ನಿಮ್ಮ ಕೈಲಿಲ್ಲ. ಇದೊಂದನ್ನು ನೆನಪಿಟ್ಟುಕೊಂಡು ಓದಬೇಕು.

ಓ'ಕಾನರ್ ಹೆಸರು ತೆಗೆದದ್ದು ಒಳ್ಳೆಯದೇ ಆಯಿತು. ಚಿತ್ರದುರ್ಗದ ಕಾಲೇಜಿನಲ್ಲಿ ನಾನು ಅಮೆರಿಕನ್ ಸಾಹಿತ್ಯ ಪಾಠ ಮಾಡುತ್ತಿದ್ದಾಗ ಆಕೆಯ ಕಥೆ ಮುಗಿಸಿದ ದಿನ ಕ್ಲಾಸಿನಲ್ಲಿ ಗಲಾಟೆ ಗ್ಯಾರಂಟಿ. ನೀವು ಓದಿದ್ದೂ ಬಹುಶಃ ಅದೇ ಕಥೆ. ಪ್ರವಾಸ ಹೊರಟ ಕುಟುಂಬ, ದಾರಿಯಲ್ಲಿ ಕಾರು ಮಗುಚುತ್ತದೆ, ಜೈಲಿನಿಂದ ತಪ್ಪಿಸಿಕೊಂಡ ಕೊಲೆಗಾರ ಎದುರಾಗುತ್ತಾನೆ. ಮಕ್ಕಳು ಮರಿ ಎನ್ನದೆ ಎಲ್ಲರನ್ನೂ ಕಾಡಿನೊಳಗೆ ಕಳಿಸಿ ಕೊಲ್ಲಿಸುತ್ತಾನೆ. ಕೊನೆಗೆ ಉಳಿದ ಅಜ್ಜಿ, ನೀನೂ ನನ್ನ ಮಗುವೇ ಅಲ್ವಾ ಅಂತ ಅವನ ಭುಜ ಮುಟ್ಟುತ್ತಾಳೆ. ಅವನು ಅವಳಿಗೂ ಗುಂಡು ಹೊಡೆಯುತ್ತಾನೆ. "ಸರ್, ಈಯಮ್ಮನಿಗೆ ದೇವರ ಮೇಲೆ ಏನು ಸಿಟ್ಟಿತ್ತು?" ಅಂತ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ್ದ. ಸಿಟ್ಟಲ್ಲಪ್ಪ, ಮೈಯಲ್ಲಿ ಶಕ್ತಿ ಇದ್ದಾಗಲೆಲ್ಲ ಬೆಳಗ್ಗೆ ಎದ್ದು ಚರ್ಚಿಗೆ ಹೋಗುತ್ತಿದ್ದ ಹೆಂಗಸು ಅಂದೆ. ಯಾರೂ ನಂಬಲಿಲ್ಲ.

ಆಕೆಯ ಬದುಕು ಚಿಕ್ಕದು. 1925ರಲ್ಲಿ ಜಾರ್ಜಿಯಾ ರಾಜ್ಯದ ಸವಾನಾದಲ್ಲಿ ಹುಟ್ಟಿದಳು. ಕ್ಯಾಥೊಲಿಕ್ ಮನೆತನ, ಸುತ್ತಮುತ್ತಲಿನವರೆಲ್ಲ ಹೆಚ್ಚಾಗಿ ಪ್ರಾಟೆಸ್ಟೆಂಟರು. ಹದಿನೈದು ವರ್ಷದವಳಿದ್ದಾಗ ಅಪ್ಪ ಲೂಪಸ್ ಕಾಯಿಲೆಯಿಂದ ತೀರಿಕೊಂಡರು. ದೇಹವನ್ನು ಕಾಯಬೇಕಾದ ಶಕ್ತಿಯೇ ದೇಹದ ಮೇಲೆ ತಿರುಗಿ ಬೀಳುವ ಕಾಯಿಲೆ ಅದು. ಕೀಲು, ಚರ್ಮ, ಮೂತ್ರಪಿಂಡ, ಯಾವುದನ್ನೂ ಬಿಡುವುದಿಲ್ಲ. ಮಗಳು ಅಯೋವಾದಲ್ಲಿ ಬರವಣಿಗೆ ಕಲಿತಳು. ಉತ್ತರದ ಕಡೆ ಗೆಳೆಯರಾದ ಫಿಟ್ಜೆರಾಲ್ಡ್ ದಂಪತಿಯ ಮನೆಯಲ್ಲಿದ್ದುಕೊಂಡು ಮೊದಲ ಕಾದಂಬರಿ ಬರೆಯುತ್ತಿದ್ದಳು. 1950ರ ಕೊನೆಗೆ ಕ್ರಿಸ್ಮಸ್ಸಿಗೆ ಊರಿಗೆ ಹೊರಟವಳು ಹಾಸಿಗೆ ಹಿಡಿದಳು. ಅಪ್ಪನದೇ ಕಾಯಿಲೆ. ಅಮ್ಮ ಆ ಹೆಸರು ಹೇಳದೆ, ಕೀಲುವಾತ ಅಂತ ಹೇಳಿ ಮುಚ್ಚಿಟ್ಟರು. 1952ರಲ್ಲಿ ಗೆಳತಿ ಸ್ಯಾಲಿ ಫಿಟ್ಜೆರಾಲ್ಡ್ ನಿಜ ಹೇಳಿದಳು. ಇದೇ ಸ್ಯಾಲಿ ಮುಂದೆ 1979ರಲ್ಲಿ ಆಕೆಯ ಕಾಗದಗಳನ್ನು ಸಂಪಾದಿಸಿ ದಪ್ಪ ಪುಸ್ತಕ ಮಾಡಿದ್ದು. ಅಂದರೆ ನಾವು ಓದುವ ಪತ್ರಸಂಗ್ರಹ ಒಬ್ಬ ಆಪ್ತ ಗೆಳತಿ ಆರಿಸಿ ಕೊಟ್ಟದ್ದು. ಆರಿಸುವವರ ಪ್ರೀತಿಯೂ ಪುಸ್ತಕದಲ್ಲಿ ಕೆಲಸ ಮಾಡುತ್ತದೆ. ಬಿಸ್ಕತ್ತಿನ ಡಬ್ಬಿಯೂ ಹಾಗೇ ಅಲ್ವಾ? ನಿಮ್ಮ ಅವ್ವ ಯಾವುದನ್ನು ಇಟ್ಟುಕೊಂಡರು, ಯಾವುದನ್ನು ಬಚ್ಚಲ ಒಲೆಗೆ ಹಾಕಿದರು ಅನ್ನುವುದು ನಮಗೆ ಗೊತ್ತಿಲ್ಲ.

ಕಾಯಿಲೆ ಬಂದ ಮೇಲೆ ಆಕೆ ಮಿಲೆಜ್‌ವಿಲ್ ಊರಾಚೆ, ಅಮ್ಮ ನಡೆಸುತ್ತಿದ್ದ ಹೈನುಗಾರಿಕೆ ತೋಟದಲ್ಲೇ ಉಳಿದಳು. ಬೆಳಗ್ಗೆ ಎರಡು ಮೂರು ಗಂಟೆ ಬರೆಯುವುದು, ಮಿಕ್ಕ ಹೊತ್ತು ನವಿಲು, ಕೋಳಿ, ಕಾಗದ. 1955ರ ಹೊತ್ತಿಗೆ ಊರುಗೋಲು ಬಂತು. 1964ರ ಆಗಸ್ಟ್ 3ರಂದು ತೀರಿಕೊಂಡಾಗ ವಯಸ್ಸು 39. ಎರಡು ಕಾದಂಬರಿ, ಮೂವತ್ತರ ಆಸುಪಾಸು ಕಥೆ. ಅಷ್ಟೇ.

ಪತ್ರಸಂಗ್ರಹ ಬಿಚ್ಚಿದವರಿಗೆ ಮೊದಲು ಸಿಗುವುದು ಭಕ್ತಿಯಲ್ಲ, ಸಂಸಾರ. ಪ್ರಕಾಶಕರ ಜೊತೆ ಒಪ್ಪಂದದ ಜಗಳ. ಕೆಲಸದವರ ಕಥೆ. ಅಮ್ಮನ ಮಾತುಗಳು. ಒಂದು ಕಥೆಯ ಟೀವಿ ಹಕ್ಕು ಮಾರಿ ಬಂದ ದುಡ್ಡಿನಲ್ಲಿ ಅಮ್ಮನಿಗೆ ಹೊಸ ಫ್ರಿಜ್ ಕೊಡಿಸಿದಳು. ಅವರು ಅಲ್ಲಿ ನನ್ನ ಕಥೆಯನ್ನು ಕೊಚ್ಚಿ ಹಾಕುತ್ತಿರಲಿ, ನಾವು ಇಲ್ಲಿ ಐಸ್ ಮಾಡಿಕೊಂಡಿರುತ್ತೇವೆ ಅಂತ ಬರೆದಳು. ನಿಮ್ಮ ಮಾವನ ಕಾಗದಗಳಲ್ಲಿ "ಬರೀ ಇಂಥವೇ" ಅಂದಿರಲ್ಲ, ಶೇಂಗಾ, ಮಳೆ, ಮನಿಯಾರ್ಡರ್. ಅದನ್ನು ಬದಿಗೆ ತಳ್ಳಬೇಡಿ. ಕಥೆಗಾರರ ಕಾಗದಗಳಲ್ಲಿ ನಾನು ಜಾಸ್ತಿ ನಂಬುವುದು ಇಂಥ ಸಾಲುಗಳನ್ನೇ. "ನಾನು ದೇವರನ್ನು ನಂಬುತ್ತೇನೆ" ಅನ್ನುವ ಸಾಲನ್ನು ಯಾರು ಬೇಕಾದರೂ ಬರೆಯಬಹುದು. ಶೇಂಗಾ ಒಣಗಿದ ವರ್ಷ ತಂಗಿಗೆ ದುಡ್ಡು ಕಳಿಸುವುದು ಬೇರೆ ಮಾತು.

ನಂಬಿಕೆಯ ವಿಷಯಕ್ಕೆ ಬರೋಣ. ಓ'ಕಾನರ್ ಎಲ್ಲರಿಗೂ ನಂಬಿಕೆಯ ಬಗ್ಗೆ ಬರೆದವಳಲ್ಲ. ನಾಟಕಕಾರ್ತಿ ಮೇರಿಯಟ್ ಲೀಗೆ ಬರೆದ ಕಾಗದಗಳಲ್ಲಿ ಬರೀ ತಮಾಷೆ. ಹೆಸರನ್ನೂ ನೆಟ್ಟಗೆ ಬರೆಯುವುದಿಲ್ಲ, ದಿನಕ್ಕೊಂದು ಅಡ್ಡಹೆಸರು. ಪಾದ್ರಿಯೊಬ್ಬರಿಗೆ ಬರೆಯುವಾಗ ವಿಧೇಯ ಮಗಳು. ಚರ್ಚ್ ನಿಷೇಧಿಸಿದ ಲೇಖಕರನ್ನು ಓದಬೇಕಿದೆ, ಅನುಮತಿ ಬೇಕು ಅಂತ ಕೇಳುತ್ತಾಳೆ. ಇದು ನನಗೆ ಬಹಳ ಇಷ್ಟ. ಕದ್ದು ಓದುವುದೂ ಇಲ್ಲ, ಓದದೆ ಇರುವುದೂ ಇಲ್ಲ. ಕಥೆಗಳನ್ನು ಪ್ರಕಾಶಕರಿಗೆ ಮಾರಿಕೊಡುವ ಏಜೆಂಟಿಗೆ ಬರೆಯುವಾಗ ದೇವರ ಸುದ್ದಿಯೇ ಇಲ್ಲ, ದುಡ್ಡಿನ ಸುದ್ದಿ. ನಂಬಿಕೆಯ ಬಗ್ಗೆ ಪುಟಗಟ್ಟಲೆ ಬರೆದದ್ದು ಮುಖ್ಯವಾಗಿ ಒಬ್ಬಳಿಗೆ.

ಆ ಒಬ್ಬಳು ಅಟ್ಲಾಂಟಾದ ಒಂದು ಕಚೇರಿಯಲ್ಲಿ ಗುಮಾಸ್ತೆ. 1955ರಲ್ಲಿ, ಕಥೆ ಓದಿ ತಾನಾಗಿಯೇ ಕಾಗದ ಬರೆದವಳು. ಒಬ್ಬರನ್ನೊಬ್ಬರು ನೋಡಿಯೇ ಇರಲಿಲ್ಲ. ಒಂಬತ್ತು ವರ್ಷ, ಓ'ಕಾನರ್ ಸಾಯುವವರೆಗೂ, ಕಾಗದ ನಿಲ್ಲಲಿಲ್ಲ. ತನ್ನ ಹೆಸರು ಬೇಡ ಅಂದದ್ದಕ್ಕೆ 1979ರ ಪುಸ್ತಕದಲ್ಲಿ ಆಕೆ ಬರೀ 'ಎ'. ಹೆಸರು ಆಮೇಲೆ, ಆಕೆ ಸತ್ತ ಮೇಲೆ ಹೊರಗೆ ಬಂತು. ನಾನು 'ಎ' ಅಂತಲೇ ಕರೆಯುತ್ತೇನೆ. ಆಕೆ ಬಯಸಿದ್ದು ಅದನ್ನೇ.

1955ರ ಡಿಸೆಂಬರಿನಲ್ಲಿ 'ಎ'ಗೆ ಬರೆದ ಕಾಗದವೊಂದಿದೆ. ಕೆಲವು ವರ್ಷ ಹಿಂದೆ ನ್ಯೂಯಾರ್ಕಿನಲ್ಲಿ ಕಾದಂಬರಿಕಾರ್ತಿ ಮೇರಿ ಮೆಕಾರ್ಥಿಯ ಮನೆಗೆ ಊಟಕ್ಕೆ ಹೋದ ಕಥೆ. ಸುತ್ತ ದೊಡ್ಡ ದೊಡ್ಡ ಬುದ್ಧಿಜೀವಿಗಳು. ಹಳ್ಳಿಯಿಂದ ಬಂದ ಹುಡುಗಿ ಇವಳು. ರಾತ್ರಿ ಎಂಟಕ್ಕೆ ಹೋದವಳು ಒಂದು ಗಂಟೆಯಾದರೂ ಬಾಯಿ ಬಿಟ್ಟಿಲ್ಲ. ನಡುರಾತ್ರಿ ದಾಟಿದ ಮೇಲೆ ಮಾತು ಪ್ರಭು ಭೋಜನದ ಕಡೆ ತಿರುಗಿತು. ಕ್ಯಾಥೊಲಿಕರಿಗೆ ಪೂಜೆಯಲ್ಲಿ ಕೊಡುವ ರೊಟ್ಟಿ ಸಾಕ್ಷಾತ್ ಕ್ರಿಸ್ತನೇ. ಮೆಕಾರ್ಥಿ ಚಿಕ್ಕಂದಿನಲ್ಲಿ ಕ್ಯಾಥೊಲಿಕ್ ಆಗಿದ್ದವಳು, ಆಗ ಬಿಟ್ಟಿದ್ದಳು. ಈಗ ನನಗದು ಒಂದು ಸಂಕೇತ, ಒಳ್ಳೆಯ ಸಂಕೇತವೇ ಅಂದಳು. ಅಲ್ಲಿಯವರೆಗೆ ಸುಮ್ಮನಿದ್ದವಳು ನಡುಗುವ ದನಿಯಲ್ಲಿ ಹೇಳಿದಳಂತೆ: ಬರೀ ಸಂಕೇತವಾದರೆ ಅದು ಹಾಳಾಗಿ ಹೋಗಲಿ. ತನ್ನ ನಂಬಿಕೆಯ ಪರವಾಗಿ ಅಂದು ಅಷ್ಟೇ ಹೇಳಲು ಸಾಧ್ಯವಾಯಿತು, ಮಿಕ್ಕ ಬದುಕೆಲ್ಲ ಅದರ ಸುತ್ತಲೇ ಇದೆ ಅನ್ನುವ ಅರ್ಥದಲ್ಲಿ ಮುಂದೆ ಬರೆಯುತ್ತಾಳೆ.

ಈ ಪ್ರಸಂಗವನ್ನು ಎಲ್ಲರೂ ಉದ್ಧರಿಸುತ್ತಾರೆ, ಎಂಥ ಧೈರ್ಯ ಅಂತ. ನಾನು ನೋಡುವುದು ಬೇರೆ. ಆ ರಾತ್ರಿ ಐದು ಗಂಟೆ ಬಾಯಿ ಬರದವಳು ತೋಟದ ಮನೆಯ ಟೈಪ್‌ರೈಟರ್ ಮುಂದೆ ಕುಳಿತಾಗ, ಮುಖ ನೋಡದ ಗುಮಾಸ್ತೆಯೊಬ್ಬಳಿಗೆ ಎಷ್ಟು ಸಲೀಸಾಗಿ ಹೇಳುತ್ತಾಳೆ. ಧೈರ್ಯದ ಜೊತೆಗೆ ನಡುಗಿದ ದನಿಯನ್ನೂ ಹೇಳುತ್ತಾಳೆ. ಸಭೆಯಲ್ಲಿ ಆಗದ್ದು ಕಾಗದದಲ್ಲಿ ಆಗುತ್ತದೆ, ಆದರೆ ಸರಿಯಾದ ವಿಳಾಸ ಸಿಕ್ಕರೆ ಮಾತ್ರ.

ಇದೇ 'ಎ' 1956ರಲ್ಲಿ ಕ್ಯಾಥೊಲಿಕ್ ಚರ್ಚ್ ಸೇರಿದಳು, 1961ರಲ್ಲಿ ಬಿಟ್ಟಳು. ಭಕ್ತೆಯ ನಿಜಸ್ವರೂಪ ನೋಡಬೇಕಾದ ಜಾಗ ಇದು. ಗೆಳತಿ ನಂಬಿಕೆ ಬಿಟ್ಟಾಗ ಓ'ಕಾನರ್ ಏನು ಬರೆಯುತ್ತಾಳೆ? ಶಾಪ ಹಾಕುವುದಿಲ್ಲ. ಇದಕ್ಕಿಂತ ದುಃಖದ ಸುದ್ದಿ ನಮಗಿಲ್ಲ ಅನ್ನುತ್ತಾಳೆ. ನಿನಗೆ ಸರಿ ಕಂಡದ್ದನ್ನೇ ನೀನು ಮಾಡಿದ್ದೀಯ, ಒಳಗಿದ್ದಾಗ ಎಷ್ಟು ಗೌರವವೋ ಹೊರಗೆ ಹೋದ ಮೇಲೂ ಅಷ್ಟೇ ಅನ್ನುತ್ತಾಳೆ. ಆದರೆ ನಿನ್ನ ಬದುಕು ಇಕ್ಕಟ್ಟಾಗುತ್ತದಲ್ಲ ಅಂತ ನೋವು ಅನ್ನುತ್ತಾಳೆ. ಕಾಗದ ಹೋಗುವುದು ನಿಲ್ಲಲಿಲ್ಲ. ನಂಬಿಕೆಯ ಬಗ್ಗೆ ಆಕೆ ಬರೆದ ವಾದಗಳಿಗಿಂತ ಆ ನಿಲ್ಲದ ಕಾಗದಗಳೇ ನನಗೆ ದೊಡ್ಡ ಸಾಕ್ಷಿ.

ಹಾಗಂತ ಆಕೆಯ ನಂಬಿಕೆ ಮೆತ್ತಗಿನದಲ್ಲ. ಧರ್ಮಕ್ಕೆ ಎಷ್ಟು ಬೆಲೆ ತೆರಬೇಕು ಅಂತ ಜನಕ್ಕೆ ಗೊತ್ತಿಲ್ಲ, ಅದೇನೋ ಬೆಚ್ಚಗೆ ಹೊದೆಯುವ ಕರೆಂಟ್ ಕಂಬಳಿ ಅಂದುಕೊಂಡಿದ್ದಾರೆ, ನಿಜಕ್ಕೂ ಅದು ಶಿಲುಬೆ ಅಂತ 1959ರಲ್ಲಿ ಇನ್ನೊಬ್ಬ ಗೆಳತಿಗೆ ಬರೆದಳು. ನಮ್ಮ ಕಡೆಯವರಿಗೆ ಇದು ಹೊಸ ಮಾತಲ್ಲ. "ಭಕ್ತಿಯೆಂಬುದ ಮಾಡಬಾರದು, ಕರಗಸದಂತೆ ಹೋಗುತ್ತ ಕೊಯ್ವುದು, ಬರುತ್ತ ಕೊಯ್ವುದು" ಅಂತ ಬಸವಣ್ಣನವರ ವಚನ ಕೇಳಿಯೇ ಬೆಳೆದವರು ನಾವು. ಸಿರಿಗೆರೆ, ಚಿತ್ರದುರ್ಗದ ಸುತ್ತ ಯಾವ ಸಭೆಗೆ ಹೋದರೂ ಯಾರಾದರೂ ಒಂದು ವಚನ ಹೇಳಿಯೇ ಹೇಳುತ್ತಾರೆ. ಹೇಳುವುದು ಸುಲಭ. ಗರಗಸದ ಹಲ್ಲು ಯಾರ ಮೈ ಮೇಲೆ ಹೋಗಿದೆ ಅಂತ ಗೊತ್ತಾಗುವುದು ಇಂಥ ಕಾಗದಗಳಲ್ಲಿ. ಕಾಯಿಲೆಯ ಬಗ್ಗೆ ಆಕೆ 'ಎ'ಗೆ ಬರೆದದ್ದನ್ನು ನೋಡಿ. ನಾನು ಕಾಯಿಲೆ ಬಿಟ್ಟು ಬೇರೆಲ್ಲಿಗೂ ಹೋದವಳಲ್ಲ, ಅದೂ ಒಂದು ಜಾಗವೇ, ಯುರೋಪು ಸುತ್ತಿ ಬಂದರೂ ಅಷ್ಟು ಕಲಿಯಲಾಗದು, ಆದರೆ ಅಲ್ಲಿಗೆ ಜೊತೆಗೆ ಯಾರೂ ಬರಲಾರರು. ಇಷ್ಟು ಹೇಳಿ ಬೇರೆ ಮಾತಿಗೆ ಹೋಗಿಬಿಡುತ್ತಾಳೆ. ಗೋಳಾಟ ಇಲ್ಲ.

ಹರಕೆಯ ಮಾತು ಬಂತಲ್ಲ, ಆಕೆಯದ್ದೂ ಒಂದು ಹರಕೆಯ ಕಥೆ ಇದೆ. 1958ರಲ್ಲಿ ವಯಸ್ಸಾದ ಸಂಬಂಧಿ ಕೇಟಿ ದುಡ್ಡು ಕೊಟ್ಟು ತಾಯಿ ಮಗಳನ್ನು ಫ್ರಾನ್ಸಿನ ಲೂರ್ದಿಗೆ ಕಳಿಸಿದರು. ಅಲ್ಲಿನ ಬುಗ್ಗೆಯ ನೀರಲ್ಲಿ ಮುಳುಗಿದರೆ ಕಾಯಿಲೆ ವಾಸಿ ಅನ್ನುವುದು ಪ್ರತೀತಿ. ಈಕೆಗೆ ಸುತಾರಾಂ ಇಷ್ಟವಿಲ್ಲ. ಧರ್ಮಕ್ಕಾಗಿ ಪ್ರಾಣ ಬೇಕಾದರೆ ಕೊಟ್ಟೇನು, ಸ್ನಾನ ಮಾತ್ರ ಆಗದು ಅಂತ ಕಾಗದದಲ್ಲಿ ತಮಾಷೆ. ಕೊನೆಗೆ ಮುಳುಗಿದಳು, ಕೇಟಿಯ ಮನಸ್ಸು ನೋಯಬಾರದು ಅಂತ. ಪ್ರಾರ್ಥಿಸಿದ್ದು ಮೂಳೆಗಾಗಿ ಅಲ್ಲ, ಅರ್ಧಕ್ಕೆ ನಿಂತಿದ್ದ ಎರಡನೇ ಕಾದಂಬರಿಗಾಗಿ. ಅದೇ ವರ್ಷ ಎಕ್ಸ್-ರೇಯಲ್ಲಿ ಸೊಂಟದ ಮೂಳೆ ಸ್ವಲ್ಪ ಗಟ್ಟಿಯಾಗುತ್ತಿರುವುದು ಕಂಡಿತು. ಕಾದಂಬರಿಯೂ ಮುಗಿದು 1960ರಲ್ಲಿ ಹೊರಬಂತು. ಮೂಳೆಯ ಸುದ್ದಿ ಕೇಳಿ ಕೇಟಿಗೆ ಸಂತೋಷವೋ ಸಂತೋಷ. ಈಕೆ ಮಾತ್ರ ಪವಾಡ ಅಂತ ಡಂಗುರ ಹೊಡೆಯಲಿಲ್ಲ, ಅಲ್ಲಗಳೆಯಲೂ ಇಲ್ಲ.

ಇದನ್ನು ಓದಿದ ಮೇಲೆ ನಿಮ್ಮ ಕೊಬ್ಬರಿ ಕಾಗದವನ್ನು ಇನ್ನೊಂದು ಸಲ ಓದಿ. ನಾಯಕನಹಟ್ಟಿ ಜಾತ್ರೆಯಲ್ಲಿ ಕೊಬ್ಬರಿ ಸುಡುವ ಹರಕೆ ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಆ ವರ್ಷ ಅವ್ವನಿಗೆ ಆಪರೇಷನ್ ಅಂತ ನೀವೇ ಬರೆದಿದ್ದೀರಿ. ಬಹುಶಃ ಹರಕೆ ಹೊತ್ತವರು ನಿಮ್ಮ ಅವ್ವ. ಅಣ್ಣ ನಾಸ್ತಿಕ ಅಂತ ಅವರಿಗೂ ಗೊತ್ತು. ಅಂಥ ಅಣ್ಣ, ಇದೆಲ್ಲ ಮೂಢನಂಬಿಕೆ ಅಂತ ಪಾಠ ಹೇಳದೆ, ನಿನ್ನ ಹರಕೆಯಲ್ಲಿ ನನ್ನದೂ ಒಂದು ಇರಲಿ ಅನ್ನುತ್ತಾರೆ. ಇದರಿಂದ ಅವರು ದೇವರನ್ನು ನಂಬಿದ್ದರು ಅಂತ ನಾನು ಹೇಳಲಾರೆ. ನಂಬಿರಲಿಲ್ಲ ಅಂತಲೂ ಹೇಳಲಾರೆ. ತಂಗಿಗೆ ಏನು ಬೇಕಿತ್ತೋ ಅದನ್ನು ಅರಿತಿದ್ದರು ಅಂತ ಮಾತ್ರ ಧೈರ್ಯವಾಗಿ ಹೇಳಬಲ್ಲೆ.

"ಲೂ" ಅನ್ನುವ ಅಕ್ಷರವನ್ನೂ ನೋಡಿ. "ನನ್ನ ಹೆಸರಲ್ಲಿ" ಅಲ್ಲ, "ನನ್ನ ಹೆಸರಲ್ಲೂ".

ಇನ್ನು ಅವರ ಕಥೆಗಳು. ಅವನ್ನು ಮತ್ತೆ ತೆಗೆದು, ಗೇಲಿಗೆ ಸಿಕ್ಕಿದವರು ಯಾರು ಅಂತ ಗುರುತು ಹಾಕಿ. ಹರಕೆ ಹೊತ್ತ ಬಡವಿಯಾ, ಆಕೆಯ ಹರಕೆಯ ದುಡ್ಡಿನಲ್ಲಿ ಮನೆ ಕಟ್ಟಿಸಿದವನಾ? ಎರಡಕ್ಕೂ ವ್ಯತ್ಯಾಸ ಬಹಳ. ಕಲ್ಲು ನಾಗರಕ್ಕೆ ಹಾಲೆರೆದು ದಿಟದ ನಾಗರವನ್ನು ಕೊಲ್ಲುವವರನ್ನು ಗೇಲಿ ಮಾಡಿದ್ದು ಕೂಡಲಸಂಗನ ಭಕ್ತನೇ. ಊರವರು ಕೊಟ್ಟ ಬಿರುದನ್ನು ನಂಬುವ ಮೊದಲು ಕಥೆಗಳನ್ನು ಅಷ್ಟು ಹತ್ತಿರದಿಂದ ಓದಿ. ಓ'ಕಾನರ್ ವಿಷಯದಲ್ಲೂ ಹೀಗೇ ಆಯಿತು. ಕಾಗದ ಓದಿದ ಮೇಲೆ ಜನ ಮತ್ತೆ ಕಥೆಗೆ ಹೋದರು. ಆಗ ಕಂಡಿತು, ಆ ಅಜ್ಜಿ ಬದುಕಿಡೀ ಢೋಂಗಿಯಾಗಿದ್ದು ಸಾಯುವ ಗಳಿಗೆಯಲ್ಲಿ ಮಾತ್ರ ನಿಜವಾಗಿ ಒಬ್ಬ ಮನುಷ್ಯನನ್ನು ಮುಟ್ಟುತ್ತಾಳೆ ಅಂತ. ಅದು ಕಥೆಯಲ್ಲೇ ಇತ್ತು. ಬರೀ ಬಂದೂಕು ನೋಡುತ್ತಿದ್ದವರಿಗೆ ಕಂಡಿರಲಿಲ್ಲ.

ನಂಬಿಕೆ ಅಲುಗಾಡುತ್ತಿದೆ ಅನ್ನುವ ನಿಮ್ಮ ವಿದ್ಯಾರ್ಥಿಗಳು ಯಾರಾದರೂ ಇದ್ದರೆ ಅವರಿಗೆ ತೋರಿಸಲು ಒಂದು ಕಾಗದ ಹೇಳುತ್ತೇನೆ. 1962ರಲ್ಲಿ ಆಲ್ಫ್ರೆಡ್ ಕಾರ್ನ್ ಅನ್ನುವ ಕಾಲೇಜು ಹುಡುಗ ಆಕೆಗೆ ಬರೆದ. ಮುಂದೆ ಕವಿಯಾಗಿ ಹೆಸರು ಮಾಡಿದವನು. ಕಾಲೇಜಿಗೆ ಬಂದ ಮೇಲೆ ನನ್ನ ನಂಬಿಕೆ ಹೋಯಿತು ಅನ್ನುವುದು ಅವನ ಗೋಳು. ಆಕೆ ಬೈಯಲಿಲ್ಲ. ಹೋಯಿತು ಅನ್ನಿಸುವ ಅನುಭವವೂ ನಂಬಿಕೆಗೇ ಸೇರಿದ್ದು ಅಂದಳು. ಒಂದು ಹಳೆಯ ಪ್ರಸಂಗ ಹೇಳಿದಳು. ಇಂಗ್ಲಿಷ್ ಕವಿ ಬ್ರಿಡ್ಜಸ್ ತನ್ನ ಗೆಳೆಯ, ಪಾದ್ರಿ ಕವಿ ಹಾಪ್ಕಿನ್ಸ್‌ಗೆ ಕಾಗದ ಬರೆದು, ನಂಬುವುದು ಹೇಗೆ ಹೇಳು ಅಂದನಂತೆ. ದೊಡ್ಡ ತತ್ವದ ಉತ್ತರ ಬರಬಹುದು ಅಂತ ಕಾದಿದ್ದವನಿಗೆ ಬಂದದ್ದು ಇಷ್ಟೇ: ದಾನ ಕೊಡು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ "ಮಾಡಿದಷ್ಟು ನೀಡು ಭಿಕ್ಷೆ" ಗೊತ್ತಿರುವ ನಮಗೆ ಇದು ಥಟ್ಟನೆ ಅರ್ಥವಾಗುತ್ತದೆ. ಆ ಸ್ವಾಮಿಯನ್ನು ಜನ ಇಂದಿಗೂ ನೆನೆಯುವುದು ಪ್ರವಚನಕ್ಕಲ್ಲ, ಕೆರೆ ಕಟ್ಟಿಸಿದ್ದಕ್ಕೆ.

ಇಲ್ಲಿಗೆ ನಿಲ್ಲಿಸಿದರೆ ಓ'ಕಾನರ್ ಸಂತಳಾಗಿಬಿಡುತ್ತಾಳೆ. ಹಾಗೆ ಮಾಡಲು ಕಾಗದಗಳೇ ಬಿಡುವುದಿಲ್ಲ. ಕರಿಯರ ಬಗ್ಗೆ ಆಕೆ ಬರೆದ ಕೆಲವು ಮಾತುಗಳು ಓದಿದರೆ ಮುಖ ಕಿವುಚುತ್ತೀರಿ. 1959ರಲ್ಲಿ, ಕಪ್ಪು ಲೇಖಕ ಜೇಮ್ಸ್ ಬಾಲ್ಡ್ವಿನ್ ದಕ್ಷಿಣಕ್ಕೆ ಬಂದಾಗ ಭೇಟಿಯಾಗುತ್ತೀಯಾ ಅಂತ ಮೇರಿಯಟ್ ಲೀ ಕೇಳಿದಳು. ಜಾರ್ಜಿಯಾದಲ್ಲಿ ಆಗದು, ನ್ಯೂಯಾರ್ಕಿನಲ್ಲಾದರೆ ಸರಿ, ಇಲ್ಲಿನ ಸಮಾಜದ ರೀತಿಯನ್ನು ನಾನು ಮೀರಲಾರೆ ಅಂತ ಉತ್ತರ. ಲೀ ಜೊತೆಗಿನ ಅದೇ ತಮಾಷೆಯ ಕಾಗದಗಳಲ್ಲಿ ಇನ್ನೂ ಒರಟಾದವಿವೆ. 2020ರಲ್ಲಿ ಈ ವಿಷಯ ಅಮೆರಿಕದಲ್ಲಿ ದೊಡ್ಡ ಚರ್ಚೆಯಾಯಿತು. ಒಂದು ವಿಶ್ವವಿದ್ಯಾಲಯ ತನ್ನ ಹಾಸ್ಟೆಲ್ ಕಟ್ಟಡದಿಂದ ಆಕೆಯ ಹೆಸರು ತೆಗೆಯಿತು. ಆಶ್ಚರ್ಯ ಏನೆಂದರೆ ಕಥೆಗಳಲ್ಲಿ ಆಕೆ ಇದೇ ಬಿಳಿಯರ ಅಹಂಕಾರವನ್ನು ನಿರ್ದಯವಾಗಿ ಹರಿದು ಹಾಕಿದ್ದಾಳೆ. ಅಂದರೆ ಇಲ್ಲಿ ಕಾಗದಕ್ಕಿಂತ ಕಥೆಯೇ ಮೇಲು. ಬರೆಯುವಾಗ ಆಕೆಗೆ ಕಾಣುತ್ತಿದ್ದದ್ದು ಹರಟೆಯಲ್ಲಿ ಕಾಣುತ್ತಿರಲಿಲ್ಲ. ಕಾಲವೇ ಹಾಗಿತ್ತು ಅಂತ ತೇಲಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದೇ ಕಾಲದಲ್ಲಿ, ಅದೇ ಗೆಳತಿ ಲೀ ಬೇರೆ ಥರ ಯೋಚಿಸುತ್ತಿದ್ದಳಲ್ಲ. ದಿನಾ ಚರ್ಚಿಗೆ ಹೋಗುವವರಿಗೂ ಪಕ್ಕದ ಮನುಷ್ಯ ಕಾಣದೆ ಹೋಗಬಹುದು. ಇದನ್ನು ನಮಗೆ ಅಮೆರಿಕದವರು ಬಂದು ಹೇಳಬೇಕಾಗಿಲ್ಲ, ನಮ್ಮ ಊರಿನ ಕೇರಿಗಳನ್ನು ನೋಡಿದರೆ ಸಾಕು.

ಹಾಗಾಗಿ ನೀವೂ ಸಿದ್ಧರಿರಿ. ಆ ಡಬ್ಬಿಯಲ್ಲಿ ಮಾವನ ಬಗ್ಗೆ ನಿಮಗೆ ಇಷ್ಟವಾಗದ್ದೂ ಸಿಗಬಹುದು. ಜಾತಿಯ ಮಾತೋ, ಮನೆಯವರ ಮೇಲಿನ ಸಿಟ್ಟೋ. ಸಿಕ್ಕರೆ ಅದನ್ನು ಮಾತ್ರ ತೆಗೆದು ಪಕ್ಕಕ್ಕಿಡಬೇಡಿ.

ಕಾಗದದ ಶಿಷ್ಟಾಚಾರಕ್ಕೂ ಮೋಸ ಹೋಗಬೇಡಿ. ತಲೆಯ ಮೇಲೆ "ಶ್ರೀ" ಬರೆದಿದ್ದಾರೆ, ಕೊನೆಗೆ "ದೇವರು ಒಳ್ಳೆಯದು ಮಾಡಲಿ" ಅಂದಿದ್ದಾರೆ ಅಂತ ಭಕ್ತರ ಪಟ್ಟಿಗೆ ಸೇರಿಸಬೇಡಿ. ಅದು ಸ್ಕೂಲಿನಲ್ಲಿ ಪತ್ರಲೇಖನ ಕಲಿಸುವಾಗಲೇ ಕೈಗೆ ಹತ್ತಿದ್ದು. "ಇತ್ತ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ" ಅಂದವರ ಮನೆಯಲ್ಲಿ ಅವತ್ತು ಯಾರೋ ಜ್ವರದಿಂದ ಮಲಗಿದ್ದಿರಬಹುದು. ಬದಲು, ಶಿಷ್ಟಾಚಾರ ತಪ್ಪಿದ ಜಾಗ ಹುಡುಕಿ. ಅಂಚಿನಲ್ಲಿ ಅಡ್ಡಡ್ಡ ತುರುಕಿದ ಸಾಲುಗಳು, ಅಂಟಿಸುವ ಮಡಿಕೆಯ ಒಳಗೆ ಬರೆದದ್ದು, ಒಂದು ಸಲ ಹೊಡೆದು ಹಾಕಿ ಮತ್ತೆ ಬರೆದದ್ದು. ಇನ್‌ಲ್ಯಾಂಡ್ ಲೆಟರಿನಲ್ಲಿ ಜಾಗ ಮುಗಿದ ಮೇಲೂ ಹೇಳದೆ ಬಿಡಲಾಗದ ಮಾತು ಅಲ್ಲಿರುತ್ತದೆ. ಕೊಬ್ಬರಿಯ ಸಾಲು ಕಾಗದದಲ್ಲಿ ಎಲ್ಲಿದೆ ಅಂತ ನೀವು ಹೇಳಿಲ್ಲ. ನೋಡಿ.

ಓ'ಕಾನರ್ ಬರೆದ ಕೊನೆಯ ಕಾಗದ 1964ರ ಜುಲೈ 28ರದ್ದು, ಸಾಯುವುದಕ್ಕೆ ಆರು ದಿನ ಮುಂಚೆ. ಲೀಗೆ ಯಾರೋ ಫೋನ್ ಮಾಡಿ ಬೆದರಿಸಿದ್ದರಂತೆ. ಅದಕ್ಕೆ ಉತ್ತರ. ಹೇಡಿಗಳೂ ಅಪಾಯಕಾರಿಗಳೇ, ಸರಿಯಾಗಿ ಹೆದರಿಕೋ, ಮಾಡಬೇಕಾದ ಕೆಲಸ ಮಾಡುತ್ತಿರು, ಪೊಲೀಸರಿಗೆ ತಿಳಿಸು. ಕಥೆಗಳನ್ನು ಟೈಪ್ ಮಾಡಲು ಮೈಯಲ್ಲಿ ಶಕ್ತಿ ಇಲ್ಲ, ಯಾವಾಗ ಕಳಿಸುತ್ತೇನೋ ಗೊತ್ತಿಲ್ಲ. ಕೆಳಗೆ ಎಂದಿನಂತೆ ಒಂದು ತಮಾಷೆಯ ಹೆಸರು. ಹಾಸಿಗೆ ಪಕ್ಕದಲ್ಲಿ ಸಿಕ್ಕಿದ ಆ ಕಾಗದದಲ್ಲಿ ಮೋಕ್ಷ, ಸ್ವರ್ಗ, ಪ್ರಾರ್ಥನೆ ಒಂದೂ ಇಲ್ಲ. ಬದುಕಿಡೀ ನಂಬಿದವಳ ಕೊನೆಯ ಕಾಗದ ಅದು. ನಿಮ್ಮ ಮಾವನ ಕೊನೆಯ ಕಾಗದದಲ್ಲಿ ದೇವರ ಹೆಸರಿಲ್ಲ ಅಂತ ಯಾರಾದರೂ ವಾದ ಹೂಡಿದರೆ ಇದನ್ನು ಹೇಳಿ.

ಇನ್ನು ಪುಸ್ತಕದ ಮಾತು. ಕಾಗದದ ಹಾಳೆ ನಿಮ್ಮ ಅವ್ವನದು, ಅದರಲ್ಲಿ ಬರೆದ ಮಾತಿನ ಹಕ್ಕು ಬರೆದವರದು. ಮಾವ ಇಲ್ಲದ್ದರಿಂದ ಅದು ಅವರ ವಾರಸುದಾರರದು, ಅಂದರೆ ಅತ್ತೆ, ಮಾವನ ಮಕ್ಕಳದು. ಅವರ ಲಿಖಿತ ಒಪ್ಪಿಗೆ ಇಲ್ಲದೆ ಅಚ್ಚು ಹಾಕಬೇಡಿ. ನಮ್ಮ ಕಾನೂನಿನಲ್ಲಿ, ಲೇಖಕರು ಬದುಕಿದ್ದಾಗ ಅಚ್ಚಾಗದ ಬರಹದ ಕೃತಿಸ್ವಾಮ್ಯ ಅದು ಮೊದಲ ಸಲ ಅಚ್ಚಾದ ಮೇಲೆ 60 ವರ್ಷ ಇರುತ್ತದೆ. ಮನೆಯವರೇ ಅಲ್ವಾ, ಯಾರು ಕೇಳುತ್ತಾರೆ ಅನ್ನಬೇಡಿ. ಮನೆಯವರೇ ಜಾಸ್ತಿ ಕೇಳುವುದು. ಬದುಕಿರುವವರ ಸಾಲ, ಕಾಯಿಲೆ, ಮದುವೆ ಮುರಿದ ಸುದ್ದಿ ಕಾಗದದಲ್ಲಿದ್ದರೆ ಅವರನ್ನೂ ಕೇಳಬೇಕು. 'ಎ' ತನಗೆ ಬಂದ ಕಾಗದಗಳನ್ನು 1987ರಲ್ಲಿ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯಕ್ಕೆ ಕೊಟ್ಟಾಗ ಇಪ್ಪತ್ತು ವರ್ಷ ಯಾರಿಗೂ ತೋರಿಸಬಾರದು ಅಂತ ಷರತ್ತು ಹಾಕಿದ್ದಳು. 2007ರಲ್ಲಿ ತೆರೆದರು. ಅಲ್ಲಿಯವರೆಗೆ ಯಾರ ಗಂಟೂ ಹೋಗಲಿಲ್ಲ. ನಿಮಗೂ ಅವಸರ ಬೇಡ.

ಅಲ್ಲಿಯವರೆಗೆ ಕಾಗದ ಉಳಿಯಬೇಕಲ್ಲ. ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ, ಎರಡೂ ಕಾಗದವನ್ನು ಕೊಲ್ಲುತ್ತವೆ. ತುಕ್ಕು ಹಿಡಿದ ಗುಂಡುಪಿನ್ ಇದ್ದರೆ ಮೆಲ್ಲಗೆ ಬಿಡಿಸಿ. ಮಡಿಕೆಯಲ್ಲೇ ಮೊದಲು ಹರಿಯುವುದು, ಆದ್ದರಿಂದ ಪದೇ ಪದೇ ಬಿಚ್ಚಿ ಮಡಿಸಬೇಡಿ. ಒಂದು ಸಲ ಬಿಚ್ಚಿ ಎಲ್ಲ ಮಗ್ಗುಲನ್ನೂ ಸ್ಕ್ಯಾನ್ ಮಾಡಿಸಿ, ವಿಳಾಸದ ಕಡೆಯೂ ಸೇರಿಸಿ. ಅಂಚೆ ಮುದ್ರೆಯಲ್ಲಿ ತಾರೀಕು, ಊರು ಸಿಗುತ್ತದೆ. ಒಳಗೆ ತಾರೀಕು ಬರೆಯದ ಕಾಗದಗಳನ್ನು ಸಾಲಾಗಿ ಜೋಡಿಸಲು ಅದೇ ಆಧಾರ. ಡಬ್ಬಿಯನ್ನು ಮತ್ತೆ ಅಟ್ಟಕ್ಕೆ ಹಾಕಬೇಡಿ. ದಾವಣಗೆರೆ ಬಿಸಿಲಿಗೆ ಬೇಸಿಗೆಯಲ್ಲಿ ಅಟ್ಟ ಕಾದ ಹೆಂಚು. ಬೀರುವಿನಲ್ಲಿಡಿ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಇನ್ನೊಂದಿದೆ. ನಿಮ್ಮ ಕೈಲಿರುವುದು ಅರ್ಧ ಮಾತುಕತೆ. ಅವ್ವ ಅಣ್ಣನಿಗೆ ಬರೆದ ಕಾಗದಗಳು ಚಳ್ಳಕೆರೆಯ ಮನೆಯಲ್ಲಿ ಇರಬೇಕು. ಕೊಬ್ಬರಿಯ ಕಾಗದಕ್ಕೆ ಅವ್ವ ಏನು ಉತ್ತರ ಬರೆದರು, ಕೊಬ್ಬರಿ ಸುಡಿಸಿದರಾ, ಅದಕ್ಕೆ ಮುಂಚೆ ಅವರೇನಾದರೂ ಕೇಳಿದ್ದರಾ? ಅವ್ವನನ್ನು ಕೂರಿಸಿಕೊಂಡು ಒಂದೊಂದೇ ಕಾಗದ ಓದಿ ಹೇಳಿ, ಅವರು ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಅತ್ತೆಗೆ ಫೋನ್ ಮಾಡಿ, ಅವರ ಮನೆಯಲ್ಲೂ ಒಂದು ಡಬ್ಬಿ ಇದೆಯಾ ಅಂತ ಕೇಳಿ.